ಕವಚದೊಳಗಿನ ಮನಸ್ಸು

ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಯುದ್ಧಕ್ಕೆ ಮುಂಚೆ ವೀರರು ಅಣಿಯಾಗುವ ಸಂದರ್ಭವೊಂದು ಬರುತ್ತದೆ. ಕವಚ ತೊಡುವುದು, ತಲೆಗೆ ಸೀಸಕವನ್ನಿಡುವುದು, ಹರಿಗೆಯನ್ನು ಹಿಡಿಯುವುದು, ಇವನ್ನೆಲ್ಲ ವರ್ಣಿಸುವಾಗ ಕವಿಗಳಿಗೆ ವಿಶೇಷವಾದ ಉತ್ಸಾಹ. ಆ ಕವಚ ವೀರನ ದೇಹವನ್ನು ಕಾಯುತ್ತಿತ್ತು. ಜೊತೆಗೆ ಅವನನ್ನು ಎತ್ತಿ ತೋರಿಸುತ್ತಲೂ ಇತ್ತು. ಧ್ವಜದಿಂದ, ಶಂಖದ ದನಿಯಿಂದ, ಕವಚದ ಹೊಳಪಿನಿಂದ ಇವನು ಇಂಥವನೆಂದು ರಣರಂಗಕ್ಕೆಲ್ಲ ತಿಳಿಯುತ್ತಿತ್ತು. ಕರ್ಣನ ಮಾತಂತೂ ಬೇರೆಯೇ. ಅವನ ಕವಚ ಹುಟ್ಟಿನೊಡನೆ ಬಂದದ್ದು, ಚರ್ಮದಂತೆ ಮೈಯೊಡನೆ ಬೆಳೆದದ್ದು. ಅದರ ಭಾರ ಅವನಿಗೆ ತಿಳಿದಿರಲಾರದು. ಅದರೊಳಗೆ ಅವನಿಗೆ ಉಸಿರು ಕಟ್ಟಿತೆಂದು ಯಾರಾದರೂ ಹೇಳಿದ್ದು ನನಗೆ ನೆನಪಿಲ್ಲ.

ಇಂದಿನ ಸೈನಿಕನಿಗೂ ಒಂದು ಸರ್ವಾಂಗ ಕವಚವುಂಟು. ಬಾಣವನ್ನೋ ಗುಂಡನ್ನೋ ತಡೆಯುವುದಕ್ಕಾಗಿ ಮಾಡಿದ್ದಲ್ಲ ಅದು. ಕಣ್ಣಿಗೆ ಕಾಣದ, ಹಲವು ವೇಳೆ ಮೂಗಿಗೂ ತಿಳಿಯದ ವಿಷವಾಯುವಿನಿಂದ, ವಿಷದ ಹನಿಗಳಿಂದ ಅವನನ್ನು ಕಾಪಾಡುವುದಕ್ಕಾಗಿ ಮಾಡಿದ್ದು. ಇದ್ದಿಲಿನ ಪದರವುಳ್ಳ ದಪ್ಪನೆಯ ಮೇಲುಡುಪು, ರಬ್ಬರಿನ ಕೈಗವಸು, ಬೂಟಿನ ಮೇಲೆ ಇನ್ನೊಂದು ಬೂಟು, ಗ್ಯಾಸ್ ಮಾಸ್ಕ್ ಎಂದು ಎಲ್ಲರೂ ಕರೆಯುವ ಮುಖವಾಡ, ತಲೆ ಕತ್ತುಗಳನ್ನು ಮುಚ್ಚುವ ಕುಲಾವಿ, ಇಷ್ಟೂ ಸೇರಿದರೆ ಅಡಿಯಿಂದ ಮುಡಿಯವರೆಗೆ ಚರ್ಮದ ಒಂದು ಅಂಗುಲವೂ ಹೊರಗೆ ಕಾಣದು. ಈ ಕವಚ ದೇಹವನ್ನು ಕಾಯುತ್ತದೆಂಬುದರಲ್ಲಿ ಸಂಶಯವಿಲ್ಲ. ಅದರೊಳಗೆ ಗಂಟೆಗಟ್ಟಲೆ ಇರಬೇಕಾದ ಮನಸ್ಸಿನ ಗತಿಯೇನು ಎಂಬುದು ಈ ಹೊತ್ತಿನ ನನ್ನ ವಿಷಯ.

ಕನ್ನಡ ಪಾಠ ಹೇಳಿಕೊಂಡಿದ್ದವನಿಗೆ ಈ ವಿಷಯವೇಕೆ ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಪದವಿ ತರಗತಿಯಲ್ಲಿ ನನ್ನಿಂದ ಪಂಪನನ್ನು ಓದಿದವನು; ಅನಂತರ ಸೇನೆಗೆ ಸೇರಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸೇವೆ ಸಲ್ಲಿಸಿ ನಿವೃತ್ತನಾದವನು. ಮಾತಿಗೆ ಮಾತು ಬಂದು, ವಿಷವಾಯುವಿನ ಯುದ್ಧಕ್ಕಾಗಿ ತಾನು ಪಡೆದ ತರಬೇತಿಯ ವಿಚಾರವನ್ನು ಆತ ಹೇಳತೊಡಗಿದ. “ಮೇಷ್ಟ್ರೇ, ಗುಂಡಿನ ಸದ್ದಿಗೆ ನಾನು ಅಂಜಿದವನಲ್ಲ. ಆದರೆ ಆ ಮಾಸ್ಕ್ ಹಾಕಿಕೊಂಡ ಮೊದಲನೆಯ ದಿನ ನನ್ನ ಉಸಿರಿನ ಸದ್ದಿಗೇ ನಾನು ಹೆದರಿಬಿಟ್ಟೆ” ಎಂದ. ಆ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಅನಂತರ ಈ ಬಗ್ಗೆ ಸಿಕ್ಕಿದ ಪುಸ್ತಕಗಳನ್ನು, ವರದಿಗಳನ್ನು ಓದುತ್ತ ಹೋದೆ. ಓದಿ ತಿಳಿದುದನ್ನೂ ಆತನಿಂದ ಕೇಳಿ ತಿಳಿದುದನ್ನೂ ಸೇರಿಸಿ ನಿಮ್ಮ ಮುಂದಿಡುತ್ತೇನೆ.

ಈ ಕವಚದ ಕಥೆ ಒಂದನೆಯ ಮಹಾಯುದ್ಧದಿಂದ ಆರಂಭವಾಗುತ್ತದೆ. 1915ನೆಯ ಏಪ್ರಿಲ್ 22ರಂದು ಸಂಜೆ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯ ಐದು ಸಾವಿರಕ್ಕೂ ಹೆಚ್ಚು ಸಿಲಿಂಡರುಗಳ ಬಾಯಿ ತೆರೆದು ಕ್ಲೋರಿನ್ ಅನಿಲವನ್ನು ಗಾಳಿಯ ಮೇಲೆ ಹರಿಯಬಿಟ್ಟಿತು. ಹಸುರು ಹಳದಿ ಬಣ್ಣದ ಮೋಡವೊಂದು ನೆಲವನ್ನು ತಬ್ಬಿಕೊಂಡು ಕಂದಕಗಳ ಕಡೆಗೆ ಬಂದಾಗ ಅದೇನೆಂದು ಎದುರಿನವರಿಗೆ ತಿಳಿಯಲಿಲ್ಲ. ನಾಲ್ಕೇ ದಿನಗಳ ಅನಂತರ ಅದೇ ರಣರಂಗಕ್ಕೆ ನಮ್ಮ ದೇಶದ ಲಾಹೋರ್ ಡಿವಿಷನ್ನನ್ನು ನುಗ್ಗಿಸಲಾಯಿತು. ಆ ಸೈನಿಕರ ಬಳಿ ಮುಖವಾಡವೆಂಬುದು ಆಗ ಇನ್ನೂ ಇರಲಿಲ್ಲ. ಒದ್ದೆ ಮಾಡಿದ ಬಟ್ಟೆಯನ್ನು ಮೂಗು ಬಾಯಿಗಳಿಗೆ ಒತ್ತಿಕೊಳ್ಳುವುದೇ ಇದ್ದ ಒಂದು ಉಪಾಯ. ಆ ದಿನ, ಏಪ್ರಿಲ್ 26ರಂದು, ಅಧಿಕಾರಿಗಳೆಲ್ಲ ಬಿದ್ದ ಮೇಲೆ ಉಳಿದ ಸೈನಿಕರನ್ನು ಒಟ್ಟುಗೂಡಿಸಿ ನಿಲ್ಲಿಸಿದ, ಗಾಯಗೊಂಡ ಎಂಟು ಮಂದಿ ಬ್ರಿಟಿಷ್ ಮತ್ತು ಭಾರತೀಯ ಅಧಿಕಾರಿಗಳನ್ನು ಸುರಕ್ಷಿತವಾದ ಸ್ಥಳಕ್ಕೆ ಸಾಗಿಸಲು ನೆರವಾದ ಜಮಾದಾರ್ ಮೀರ್ ದಸ್ತ್ ಎಂಬ ಯೋಧನಿಗೆ ವಿಕ್ಟೋರಿಯಾ ಕ್ರಾಸ್ ಪದಕ ದೊರೆಯಿತು. ಪದಕದ ಜೊತೆಗೆ ವಿಷವಾಯುವಿನ ಬಾಧೆಯೂ ಆತನಿಗೆ ಉಳಿಯಿತು.

ಒದ್ದೆ ಬಟ್ಟೆಯ ಬಳಿಕ ಬಂದದ್ದು ಫ್ಲಾನೆಲ್ ಬಟ್ಟೆಯ ಚೀಲ. ಅದನ್ನು ರಾಸಾಯನಿಕ ದ್ರವದಲ್ಲಿ ಅದ್ದಿ, ತಲೆಯ ಮೇಲಿಂದ ಹಾಕಿಕೊಂಡು, ಅಂಚನ್ನು ಅಂಗಿಯೊಳಗೆ ಸಿಕ್ಕಿಸಿಕೊಳ್ಳಬೇಕು. ನೋಡುವುದಕ್ಕೊಂದು ಪಾರದರ್ಶಕ ಕಿಂಡಿ. ನ್ಯೂಫೌಂಡ್‌ಲೆಂಡಿನ ವೈದ್ಯ ಕ್ಲೂನಿ ಮ್ಯಾಕ್‌ಫರ್ಸನ್ ಇದರ ಮೂಲಕರ್ತ. 1916ರಲ್ಲಿ ಬ್ರಿಟಿಷರು ಇನ್ನೂ ಉತ್ತಮವಾದ ಒಂದು ಸಾಧನವನ್ನು ತಂದರು. ಎದೆಯ ಮೇಲೆ ಚೀಲದಲ್ಲಿ ಶೋಧಕ ಡಬ್ಬಿ, ಅದರಿಂದ ಬಾಯಿಗೊಂದು ಕೊಳವೆ, ಮೂಗಿಗೊಂದು ಚಿಮುಟ. ಕೊಳವೆಯ ತುದಿಯನ್ನು ಹಲ್ಲುಗಳ ನಡುವೆ ಕಚ್ಚಿ ಹಿಡಿದು ಬಾಯಿಯಿಂದಲೇ ಉಸಿರಾಡಬೇಕು. ಈ ಸಾಧನ ಸಹಸ್ರಾರು ಜೀವಗಳನ್ನು ಉಳಿಸಿತು. ಆದರೆ ಕೊಳವೆ ಕಚ್ಚಿಕೊಂಡ ಬಾಯಿ ಮಾತನಾಡಲಾರದು. ಆಜ್ಞೆ ಕೊಡಬೇಕಾದ ಅಧಿಕಾರಿ ಒಂದೋ ಮೌನವಾಗಿರಬೇಕು, ಇಲ್ಲವೇ ವಿಷದ ನಡುವೆ ಕೊಳವೆಯನ್ನು ಬಾಯಿಂದ ತೆಗೆಯಬೇಕು. ದೇಹ ಉಳಿಯಬೇಕಾದರೆ ಮಾತನ್ನು ಕೊಡಬೇಕು ಎಂಬ ಒಪ್ಪಂದ ಆಗಲೇ ಆರಂಭವಾಯಿತು.

1917ರ ಜುಲೈನಲ್ಲಿ ಅದೇ ಈಪ್ರ್ ಬಳಿ ಜರ್ಮನರು ಮಸ್ಟರ್ಡ್ ಗ್ಯಾಸನ್ನು ಬಳಸಿದರು. ಅದು ಚರ್ಮವನ್ನೇ ಸುಟ್ಟು ಬೊಬ್ಬೆ ಎಬ್ಬಿಸುವ ವಿಷ. ಮುಖವಾಡವೊಂದೇ ಅದಕ್ಕೆ ಸಾಲದು. 1930ರ ದಶಕದಲ್ಲಿ ಜರ್ಮನಿಯಲ್ಲೇ ನರಗಳನ್ನು ಕೆಡಿಸುವ ಟಾಬೂನ್, ಸಾರಿನ್ ಎಂಬ ವಿಷಗಳು ಕಂಡುಹಿಡಿಯಲ್ಪಟ್ಟವು. ಅವು ಉಸಿರಿನಿಂದಲೂ ಹೋಗುತ್ತವೆ, ಚರ್ಮದಿಂದಲೂ ಹೋಗುತ್ತವೆ. ಹೀಗೆ ಕವಚ ಮುಖದಿಂದ ಮೈಗೆ ಇಳಿಯಿತು. ಕೊನೆಗೆ ಮನುಷ್ಯನನ್ನು ಪೂರ್ತಿಯಾಗಿ ಒಳಗಿಟ್ಟುಕೊಂಡಿತು.

ಒಂದನೆಯ ಮಹಾಯುದ್ಧದ ವೈದ್ಯರು ಇನ್ನೊಂದು ಸಂಗತಿಯನ್ನೂ ಗಮನಿಸಿದರು. ವಿಷವಾಯು ತಗುಲಿತೆಂದು ಆಸ್ಪತ್ರೆಗೆ ಬಂದವರಲ್ಲಿ ಕೆಲವರಿಗೆ ವಿಷ ತಗುಲಿಯೇ ಇರಲಿಲ್ಲ. ಆದರೂ ಎದೆ ಬಿಗಿಯುತ್ತಿತ್ತು, ಕೆಮ್ಮು ಬರುತ್ತಿತ್ತು, ಕೈಕಾಲು ನಡುಗುತ್ತಿತ್ತು. ಇವರು ನಟಿಸುತ್ತಿರಲಿಲ್ಲ, ಭಯವೇ ಇವರ ದೇಹದಲ್ಲಿ ವಿಷದ ಕೆಲಸವನ್ನು ಮಾಡಿತ್ತು. ಆಂಗ್ಲ ಕವಿ ವಿಲ್ಫ್ರೆಡ್ ಓವನ್ ವಿಷವಾಯುವಿನ ದಾಳಿಯನ್ನು ಕುರಿತು ಬರೆದ ಪ್ರಸಿದ್ಧ ಕವಿತೆಯನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಅದರಲ್ಲಿ ಸಾಯುತ್ತಿರುವ ಸಂಗಾತಿಯನ್ನು ಕವಿ ನೋಡುವುದು ತನ್ನ ಮುಖವಾಡದ ಮಸುಕಾದ ಗಾಜಿನ ಮೂಲಕ. ಒಬ್ಬನಿಗೂ ಇನ್ನೊಬ್ಬನಿಗೂ ನಡುವೆ ಆ ಗಾಜು ಬಂದು ನಿಂತಿದೆ ಎಂಬುದನ್ನು ತರಗತಿಯಲ್ಲಿ ಆ ಕವಿತೆಯನ್ನು ಓದುವಾಗ ನಾನು ಗಮನಿಸಿರಲಿಲ್ಲ. ಶಿಷ್ಯನ ಮಾತು ಕೇಳಿದ ಮೇಲೆ ಗಮನಿಸಿದೆ.

ಇನ್ನು ಕವಚದ ಒಳಗೆ ಏನಾಗುತ್ತದೆಂಬುದನ್ನು ನೋಡೋಣ. ಮೊದಲನೆಯದು ಸೆಕೆ. ಸುಮ್ಮನೆ ಕುಳಿತ ಮನುಷ್ಯನ ದೇಹ ಸುಮಾರು 100 ವ್ಯಾಟ್ ಬಲ್ಬಿನಷ್ಟು ಶಾಖವನ್ನು ಹೊರಚೆಲ್ಲುತ್ತದೆ. ಭಾರ ಹೊತ್ತು ವೇಗವಾಗಿ ನಡೆದರೆ ಇದು ನಾಲ್ಕೈದು ಪಟ್ಟಾಗುತ್ತದೆ. ಈ ಶಾಖವನ್ನು ಕಳೆಯಲು ಪ್ರಕೃತಿ ಕೊಟ್ಟಿರುವ ಉಪಾಯ ಬೆವರು. ಆದರೆ ಬೆವರು ಹರಿದರೆ ಸಾಲದು, ಆರಬೇಕು. ಆರಿದರೆ ಮಾತ್ರ ತಂಪು. ಇದ್ದಿಲಿನ ಪದರವುಳ್ಳ ಉಡುಪು ವಿಷವನ್ನು ಹೀರಿಕೊಳ್ಳುತ್ತದೆ. ವಿಶೇಷವಾಗಿ ಸಂಸ್ಕರಿಸಿದ ಆ ಇದ್ದಿಲಿನ ಒಂದು ಗ್ರಾಮಿನಲ್ಲಿ ನೂರಾರು ಚದರ ಮೀಟರುಗಳಷ್ಟು ಒಳಮೈ ಅಡಗಿರುತ್ತದೆ. ವಿಷದ ಕಣಗಳು ಅಲ್ಲಿ ಸಿಕ್ಕಿಬೀಳುತ್ತವೆ. ಅಂಥ ಉಡುಪಿನಲ್ಲಿ ಗಾಳಿ ಅಷ್ಟಿಷ್ಟು ಆಡಿದರೂ ಅದರ ದಪ್ಪ, ಅದರ ಮೇಲಿನ ರಬ್ಬರು, ಮುಖವಾಡ, ಕುಲಾವಿ ಇವೆಲ್ಲ ಸೇರಿ ಬೆವರನ್ನು ಆರಗೊಡುವುದಿಲ್ಲ. ಬೆವರು ಬೂಟಿನೊಳಗೆ ಇಳಿದು ನಿಲ್ಲುತ್ತದೆ. ಮೈ ಕಾಯುತ್ತಲೇ ಹೋಗುತ್ತದೆ. ಬಿಸಿಲು, ತೇವ, ಗಾಳಿ ಇವನ್ನೆಲ್ಲ ಸೇರಿಸಿ ಸೆಕೆಯನ್ನು ಅಳೆಯುವ ಸೂಚ್ಯಂಕವೊಂದುಂಟು. ಪೂರ್ಣ ಕವಚ ತೊಟ್ಟವನ ವಿಷಯದಲ್ಲಿ ಆ ಅಂಕಕ್ಕೆ 10 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು ಐದೂವರೆ ಡಿಗ್ರಿ ಸೆಲ್ಸಿಯಸ್, ಕೂಡಿಸಿಕೊಂಡು ಲೆಕ್ಕ ಹಾಕಬೇಕೆಂಬುದು ಅಮೆರಿಕದ ಸೇನೆಯಲ್ಲಿ ರೂಢಿಗೆ ಬಂದ ನಿಯಮ. ಬೇಸಗೆಯಲ್ಲಿ 45 ಡಿಗ್ರಿ ಮುಟ್ಟುವ ನಮ್ಮ ರಾಜಸ್ಥಾನದ ಮರುಭೂಮಿಯಲ್ಲಿ ಈ ಉಡುಪು ತೊಟ್ಟವನ ಪಾಡನ್ನು ಊಹಿಸಿಕೊಳ್ಳಬಹುದು.

ಸೆಕೆಯಿಂದ ದೇಹ ಬಳಲುತ್ತದೆ, ಸರಿ. ಬುದ್ಧಿಗೆ ಏನಾಗುತ್ತದೆ? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನೇಟಿಕ್‌ನಲ್ಲಿ ಸೇನೆಗೆ ಸೇರಿದ ಸಂಶೋಧನಾ ಸಂಸ್ಥೆಯೊಂದಿದೆ. ಅಲ್ಲಿನ ಫೈನ್ ಮತ್ತು ಕೋಬ್ರಿಕ್ ಎಂಬ ಸಂಶೋಧಕರು 1987ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಫಲಿತಾಂಶ ಬಹು ಸ್ವಾರಸ್ಯವಾಗಿದೆ. ತರಬೇತಿ ಪಡೆದ ಸೈನಿಕರನ್ನು ಕವಚ ತೊಡಿಸಿ, ಸುಮಾರು 33 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಏಳು ಗಂಟೆಗಳ ಕಾಲ ಕೂರಿಸಿ, ಸಂದೇಶಗಳನ್ನು ಬಿಡಿಸುವುದು, ನಕ್ಷೆಯ ಮೇಲೆ ಸ್ಥಾನಗಳನ್ನು ಗುರುತಿಸುವುದು ಮುಂತಾದ ಕೂತಲ್ಲೇ ಮಾಡುವ, ತಲೆಯ ಕೆಲಸಗಳನ್ನು ಕೊಟ್ಟರು. ಮೊದಲ ಕೆಲವು ಗಂಟೆ ಎಲ್ಲವೂ ನೆಟ್ಟಗೆ ನಡೆಯಿತು. ನಾಲ್ಕೈದು ಗಂಟೆ ಕಳೆದ ಮೇಲೆ ಬುದ್ಧಿಯ ಕೆಲಸ ಸ್ಪಷ್ಟವಾಗಿ ಕುಸಿಯತೊಡಗಿತು. ಏಳನೆಯ ಗಂಟೆಯ ಹೊತ್ತಿಗೆ ತಪ್ಪುಗಳು ಸಾಮಾನ್ಯ ಸ್ಥಿತಿಗಿಂತ ಶೇಕಡ 17ರಿಂದ 23ರಷ್ಟು ಹೆಚ್ಚಿದ್ದವು. ತಮ್ಮ ಪಾಡಿಗೆ ಮಾಡಿಕೊಂಡು ಹೋಗಬೇಕಾಗಿದ್ದ ನಕ್ಷೆಯ ಕೆಲಸದ ಮೊತ್ತ ಶೇಕಡ 40ರಷ್ಟು ಇಳಿದುಹೋಗಿತ್ತು.

ಇದಕ್ಕಿಂತ ಮುಖ್ಯವಾದದ್ದು ಆ ತಪ್ಪುಗಳ ಸ್ವರೂಪ. ಅವುಗಳಲ್ಲಿ ಹೆಚ್ಚುಕಡಮೆ ಎಲ್ಲವೂ ಬಿಟ್ಟುಹೋದ ತಪ್ಪುಗಳು. ನಕ್ಷೆಯಲ್ಲಿ ಗುರುತಿಸಿದ ಸ್ಥಾನಗಳು ಸರಿಯಾಗಿಯೇ ಇದ್ದವು. ಆದರೆ ಗುರುತಿಸಬೇಕಾದ ಎಷ್ಟೋ ಸ್ಥಾನಗಳು ಹಾಗೆಯೇ ಉಳಿದಿದ್ದವು. ಉತ್ತರಪತ್ರಿಕೆಗಳನ್ನು ಓದಿ ಓದಿ ಕಣ್ಣು ಸವೆದ ನನ್ನಂಥವನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ತಪ್ಪು ಬರೆದವನ ತಪ್ಪನ್ನು ತಿದ್ದಬಹುದು. ಹಾಳೆಯನ್ನು ಖಾಲಿ ಬಿಟ್ಟವನನ್ನು ಹೇಗೆ ತಿದ್ದುವುದು? ಕವಚದೊಳಗಿನ ಬುದ್ಧಿ ಹುಚ್ಚುಹುಚ್ಚಾಗಿ ಏನನ್ನೂ ಮಾಡುವುದಿಲ್ಲ. ಅದು ಮೆಲ್ಲನೆ ಹಿಂದೆಗೆಯುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಕಂಡದ್ದನ್ನು ವರದಿ ಮಾಡುವುದಿಲ್ಲ. ಹೀಗಾಗಿದೆ ಎಂಬುದು ಆ ಮನುಷ್ಯನಿಗೂ ತಿಳಿಯುವುದಿಲ್ಲ. ಹೊರಗಿನಿಂದ ನೋಡಿದರೆ ಶಾಂತನಾಗಿ ಕುಳಿತಂತೆ ಕಾಣುತ್ತಾನೆ. ಕಾವಲು ಕಾಯುವ ಸೈನಿಕನಲ್ಲಿ ಇಂಥ ಮೌನ ಎಷ್ಟು ಅಪಾಯಕಾರಿಯೆಂಬುದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಉಸಿರು. ಇಲ್ಲಿಯೇ ನನ್ನ ಶಿಷ್ಯನ ಭಯದ ಮೂಲವಿದೆ. ಮುಖವಾಡದ ಶೋಧಕ ಡಬ್ಬಿಯ ಮೂಲಕ ಗಾಳಿಯನ್ನು ಎಳೆದುಕೊಳ್ಳುವುದಕ್ಕೆ ಸ್ವಲ್ಪ ಹೆಚ್ಚು ಶ್ರಮ ಬೇಕು. ಆ ಅಲ್ಪವಾದ ತಡೆಯೇ ಹೊಸಬನಿಗೆ ಉಸಿರು ಕಟ್ಟಿದಂತೆ ತೋರುತ್ತದೆ. ಆಗ ಅವನು ಆತುರಾತುರವಾಗಿ ಉಸಿರಾಡತೊಡಗುತ್ತಾನೆ. ಬೇಕಾದುದಕ್ಕಿಂತ ಹೆಚ್ಚು ಉಸಿರಾಡಿದರೆ ರಕ್ತದಲ್ಲಿರಬೇಕಾದ ಇಂಗಾಲಾಮ್ಲ ಹೊರಹೋಗಿ ತಲೆ ತಿರುಗುತ್ತದೆ, ಬೆರಳ ತುದಿಗಳು ಜುಮ್ಮೆನ್ನುತ್ತವೆ, ಎದೆ ಬಿಗಿಯುತ್ತದೆ. ಈಗ ನೋಡಿ: ನರವಿಷ ತಗುಲಿದವನಿಗೂ ಎದೆ ಬಿಗಿಯುತ್ತದೆ, ಕಣ್ಣು ಮಂಜಾಗುತ್ತದೆ, ಬೆವರು ಸುರಿಯುತ್ತದೆ, ಬುದ್ಧಿ ಗಲಿಬಿಲಿಯಾಗುತ್ತದೆ. ಕವಚದೊಳಗೆ ಕುಳಿತವನಿಗೆ ಸೆಕೆಯಿಂದ ಬೆವರು, ಗಾಜಿನ ಮೇಲೆ ಕಟ್ಟಿದ ಹಬೆಯಿಂದ ಮಂಜು, ಆತುರದ ಉಸಿರಿನಿಂದ ಎದೆಬಿಗಿತ. ಯಾವ ವಿಷದಿಂದ ಕಾಯುವುದಕ್ಕಾಗಿ ಕವಚವನ್ನು ತೊಟ್ಟನೋ ಆ ವಿಷದ ಲಕ್ಷಣಗಳನ್ನು ಕವಚವೇ ಅವನ ಮೈಯಲ್ಲಿ ಹುಟ್ಟಿಸುತ್ತದೆ. ‘ನನ್ನ ಮಾಸ್ಕ್ ಸೋರುತ್ತಿದೆ’ ಎಂಬ ಒಂದು ಶಂಕೆ ಸಾಕು. ಭಯ ಉಸಿರನ್ನು ಹೆಚ್ಚಿಸುತ್ತದೆ, ಉಸಿರು ಲಕ್ಷಣಗಳನ್ನು ಹೆಚ್ಚಿಸುತ್ತದೆ, ಲಕ್ಷಣಗಳು ಭಯವನ್ನು ಹೆಚ್ಚಿಸುತ್ತವೆ. ಈ ಸುಳಿಯಲ್ಲಿ ಸಿಕ್ಕಿದವನು ಕೊನೆಗೆ ಮಾಡುವುದು ಒಂದೇ: ಮುಖವಾಡವನ್ನು ಕಿತ್ತೆಸೆಯುವುದು. ತರಬೇತಿಯಲ್ಲಾದರೆ ಅದರಿಂದ ನಗೆಪಾಟಲಾಗಬಹುದು. ನಿಜವಾದ ವಿಷದ ನಡುವೆ ಅದು ಮರಣ.

ಇದು ಬರಿಯ ಊಹೆಯಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಇರಾಕ್ ದೇಶ ಇಸ್ರೇಲಿನ ನಗರಗಳ ಮೇಲೆ ಸ್ಕಡ್ ಕ್ಷಿಪಣಿಗಳನ್ನು ಹಾರಿಸಿತು. ವಿಷವಾಯು ಬರಬಹುದೆಂದು ಹೆದರಿ ಅಲ್ಲಿನ ಸರ್ಕಾರ ಪ್ರಜೆಗಳಿಗೆಲ್ಲ ಗ್ಯಾಸ್ ಮಾಸ್ಕನ್ನೂ ಅಟ್ರೋಪಿನ್ ಎಂಬ ಪ್ರತಿವಿಷದ ಚುಚ್ಚುಮದ್ದನ್ನೂ ಹಂಚಿತ್ತು. ಆ ಕ್ಷಿಪಣಿಗಳಲ್ಲಿ ವಿಷವಾಯು ಇರಲೇ ಇಲ್ಲ. ಆದರೂ ಶೋಧಕದ ಮುಚ್ಚಳವನ್ನು ತೆಗೆಯದೆಯೇ ಮಾಸ್ಕ್ ಹಾಕಿಕೊಂಡು ಕೆಲವರು ಉಸಿರುಗಟ್ಟಿ ಸತ್ತರು. ಇನ್ನೂರಕ್ಕೂ ಹೆಚ್ಚು ಜನ ತಗುಲದ ವಿಷಕ್ಕೆ ಚುಚ್ಚುಮದ್ದು ಚುಚ್ಚಿಕೊಂಡು ಆಸ್ಪತ್ರೆ ಸೇರಿದರು. ಅಟ್ರೋಪಿನ್ ಬೆವರನ್ನು ನಿಲ್ಲಿಸುವ, ಕಣ್ಣಿನ ಪಾಪೆಯನ್ನು ಹಿಗ್ಗಿಸುವ, ಹೆಚ್ಚಾದರೆ ಬುದ್ಧಿಯನ್ನು ಕದಡುವ ಔಷಧ. ಕವಚದ ಸೆಕೆಯಲ್ಲಿ ಬೇಯುತ್ತಿರುವ ಸೈನಿಕನೊಬ್ಬ ಭಯದಿಂದ ಅದನ್ನು ಚುಚ್ಚಿಕೊಂಡರೆ ಇರುವ ಬೆವರೂ ನಿಂತು ಅವನ ಮೈ ಇನ್ನಷ್ಟು ಕಾಯುತ್ತದೆ. ಇಸ್ರೇಲಿನಲ್ಲಿ ಸತ್ತವರು ಸಾಮಾನ್ಯ ನಾಗರಿಕರು. ರಾತ್ರಿ ಎಚ್ಚರಿಕೆಯ ಸೈರನ್ ಕೇಳಿ, ನಿದ್ದೆಗಣ್ಣಿನಲ್ಲಿ, ನಡುಗುವ ಕೈಯಲ್ಲಿ ಮಾಸ್ಕ್ ತೊಟ್ಟವರು. ಮುಚ್ಚಳ ತೆಗೆಯಬೇಕೆಂಬುದು ಅವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ತಿಳಿದದ್ದು ಆ ಗಳಿಗೆಗೆ ಒದಗಲಿಲ್ಲ.

ಮೂರನೆಯದು ನಂಟು. ರಬ್ಬರಿನ ಕೈಗವಸು ತೊಟ್ಟ ಕೈಗೆ ಸ್ಪರ್ಶವಿಲ್ಲ. ಗುಂಡಿಯನ್ನು ಒತ್ತುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ನಾಡಿ ಹಿಡಿದು ನೋಡುವುದು ಎಲ್ಲವೂ ಕಷ್ಟ. ಕುಲಾವಿ ಕಿವಿಯನ್ನು ಮುಚ್ಚಿ ಮಾತನ್ನು ಮಂದಗೊಳಿಸುತ್ತದೆ. ಕಣ್ಣಿನ ಅಂಚಿಗೆ ಏನೂ ಕಾಣದು; ಪಕ್ಕದವನನ್ನು ನೋಡಬೇಕಾದರೂ ಇಡೀ ಮೈಯನ್ನು ತಿರುಗಿಸಬೇಕು. ತಿರುಗಿ ನೋಡಿದರೂ ಕಾಣುವುದೇನು? ತನ್ನಂತೆಯೇ ಇರುವ ಇನ್ನೊಂದು ಮುಖವಾಡ. 1980ರ ದಶಕದಲ್ಲಿ ಅಮೆರಿಕದ ಸೇನೆ ಪೂರ್ಣ ಕವಚದಲ್ಲಿ ದೊಡ್ಡ ಪ್ರಮಾಣದ ಅಣಕು ಯುದ್ಧಗಳನ್ನು ನಡೆಸಿ ನೋಡಿತು. ರೇಡಿಯೋ ಸಂದೇಶಗಳು ಹೆಚ್ಚಿದವು, ಉದ್ದವಾದವು. ಒಂದು ಸಲ ಹೇಳಿದ್ದನ್ನು ಎರಡು ಸಲ ಹೇಳಬೇಕಾಯಿತು. ತಮ್ಮವರನ್ನೇ ಶತ್ರುಗಳೆಂದು ಭಾವಿಸಿ ಗುಂಡು ಹಾರಿಸಿದ ಸಂದರ್ಭಗಳು ಹೆಚ್ಚಾದವು. ನಾಯಕರು ಎಲ್ಲ ಕಡೆಗೂ ಓಡಾಡಿ, ಎಲ್ಲರಿಗೂ ಕೂಗಿ ಹೇಳಿ, ನಿದ್ದೆಗೆಟ್ಟು, ತಮ್ಮ ಕೈಕೆಳಗಿನವರಿಗಿಂತ ಬೇಗ ಬಳಲಿದರು.

ಧೈರ್ಯವೆಂಬುದು ಒಬ್ಬನ ಎದೆಯಲ್ಲಿ ಹುಟ್ಟಿ ಅಲ್ಲಿಯೇ ಇರುವ ವಸ್ತುವೆಂದು ನಾವು ತಿಳಿಯುತ್ತೇವೆ. ಅದರಲ್ಲಿ ಹೆಚ್ಚಿನ ಪಾಲು ಇತರರ ಮುಖದಿಂದ ಬರುವಂಥದು. ಕಂದಕದಲ್ಲಿ ಕುಳಿತ ಹುಡುಗ ಹಿರಿಯ ಹವಾಲ್ದಾರನ ಮುಖವನ್ನು ನೋಡುತ್ತಾನೆ. ಆ ಮುಖ ಕದಲದಿದ್ದರೆ ತಾನೂ ಕದಲುವುದಿಲ್ಲ. ಒಂದು ಕಣ್ಸನ್ನೆ, ಒಂದು ಅರೆನಗೆ, ಹೆಗಲ ಮೇಲೆ ಒಂದು ಕೈ, ತನ್ನ ಭಾಷೆಯಲ್ಲಿ ಒಂದು ಬೈಗುಳ, ಇಷ್ಟರಿಂದಲೇ ಅವನ ಮನಸ್ಸು ನೆಲೆಯಲ್ಲಿ ನಿಲ್ಲುತ್ತದೆ. ಕವಚ ಮೊದಲು ಕಸಿದುಕೊಳ್ಳುವುದು ಇವುಗಳನ್ನೇ. ಸೆಕೆಗಿಂತ, ಉಸಿರಿನ ತಡೆಗಿಂತ ದೊಡ್ಡ ನಷ್ಟ ಇದೆಂದು ನನಗೆ ತೋರುತ್ತದೆ. ನೂರು ಜನರ ನಡುವೆ ನಿಂತಿದ್ದರೂ ಕವಚದೊಳಗಿರುವವನು ಒಬ್ಬನೇ.

ಹಾಗಾದರೆ ಈ ಕವಚವೇ ಬೇಡವೆನ್ನೋಣವೆ? ಹಾಗೆನ್ನುವುದು ಅವಿವೇಕ. 1980ರಿಂದ 1988ರವರೆಗೆ ನಡೆದ ಇರಾನ್–ಇರಾಕ್ ಯುದ್ಧದಲ್ಲಿ ವಿಷವಾಯುವಿಗೆ ಸಿಕ್ಕಿದವರ ಪಾಡನ್ನು ಜಗತ್ತು ಕಂಡಿದೆ. ರಾಸಾಯನಿಕ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 1997ರಲ್ಲಿ ಜಾರಿಗೆ ಬಂತು. ನಮ್ಮ ದೇಶ ಅದಕ್ಕೆ ಮೊದಲೇ ಸಹಿ ಹಾಕಿ, ತನ್ನಲ್ಲಿದ್ದ ಸಂಗ್ರಹವನ್ನು ಬಹಿರಂಗಪಡಿಸಿ, 2009ರ ಹೊತ್ತಿಗೆ ಪೂರ್ತಿಯಾಗಿ ನಾಶಪಡಿಸಿತು. ಆದರೂ 2013ರ ಆಗಸ್ಟ್ 21ರಂದು ಸಿರಿಯಾದ ಗೂತಾ ಪ್ರದೇಶದಲ್ಲಿ ಸಾರಿನ್ ನೂರಾರು ಜನರನ್ನು ಕೊಂದಿತು. ಇಂಥ ಜಗತ್ತಿನಲ್ಲಿ ಸೈನಿಕನಿಗೆ ಕವಚ ಬೇಕು. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದಂಥ ಕಡೆಗಳಲ್ಲಿ ವಿಷದಿಂದ ಕಾಯುವ ಸಾಧನಗಳ ಮೇಲೆ ಕೆಲಸ ನಡೆದಿರುವುದೂ ಇದಕ್ಕಾಗಿಯೇ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ತಂಪಾದ ಹವೆಯಲ್ಲಿ, ಅಲ್ಪಕಾಲ, ಅಭ್ಯಾಸವಿದ್ದವನು ಕವಚ ತೊಟ್ಟರೆ ಅವನ ವಿಚಾರಶಕ್ತಿಗೆ ಹೇಳಿಕೊಳ್ಳುವಂಥ ಕುಂದೇನೂ ಬರುವುದಿಲ್ಲ. ಸೆಕೆ, ಕಾಲ, ಅನಭ್ಯಾಸ ಈ ಮೂರು ಸೇರಿದಾಗಲೇ ಕೇಡು.

ಆದ್ದರಿಂದ ಪ್ರಶ್ನೆ ಇರುವುದು ಕವಚ ತೊಡುವವನನ್ನು ಅದಕ್ಕೆ ಹೇಗೆ ಸಿದ್ಧಪಡಿಸಬೇಕೆಂಬುದರಲ್ಲಿ. ಮಹಾಭಾರತದ ದ್ರೋಣಪರ್ವದಲ್ಲಿ ಇದಕ್ಕೊಂದು ಸೊಗಸಾದ ದೃಷ್ಟಾಂತವಿದೆ. ಜಯದ್ರಥನ ವಧೆಯ ದಿನ ದ್ರೋಣನು ಮಂತ್ರಪೂರ್ವಕವಾಗಿ ಅಭೇದ್ಯವಾದ ಕವಚವೊಂದನ್ನು ದುರ್ಯೋಧನನಿಗೆ ಕಟ್ಟಿ ಕಳಿಸುತ್ತಾನೆ. ಅರ್ಜುನನ ಬಾಣಗಳು ಅದಕ್ಕೆ ತಾಗಿ ವ್ಯರ್ಥವಾಗುತ್ತವೆ. ಕೃಷ್ಣನಿಗೂ ಅಚ್ಚರಿ. ಆಗ ಅರ್ಜುನ ಗುಟ್ಟನ್ನು ಬಿಡಿಸಿ ಹೇಳುತ್ತಾನೆ: ಇವನು ಆಚಾರ್ಯರ ಕವಚವನ್ನು ತೊಟ್ಟಿದ್ದಾನೆ, ಆದರೆ ಅದನ್ನು ತೊಟ್ಟವನು ಹೇಗೆ ನಡೆದುಕೊಳ್ಳಬೇಕೆಂಬ ವಿದ್ಯೆ ಇವನಿಗಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಅನಂತರ ಕವಚ ಮುಚ್ಚದ ಕೈಗಳಿಗೆ ಗುರಿಯಿಟ್ಟು ದುರ್ಯೋಧನನನ್ನು ಹಿಮ್ಮೆಟ್ಟಿಸುತ್ತಾನೆ. ಕವಚವನ್ನು ಇನ್ನೊಬ್ಬರು ಕಟ್ಟಿಕೊಡಬಹುದು; ಅದರೊಳಗೆ ಇರುವ ವಿದ್ಯೆಯನ್ನು ತಾನೇ ಕಲಿಯಬೇಕು.

ಆ ವಿದ್ಯೆಯ ಪಾಠಗಳು ಸರಳವಾಗಿಯೇ ಇವೆ. ಒಂದೆರಡು ವಾರಗಳ ಕಾಲ ದಿನದಿನವೂ ದುಡಿದು ಮೈಯನ್ನು ಸೆಕೆಗೆ ಒಗ್ಗಿಸುವುದು. ಮುಖವಾಡವನ್ನು ಪರೀಕ್ಷೆಯ ದಿನ ಮಾತ್ರ ತೊಡದೆ, ನಡೆಯುವಾಗ, ಬರೆಯುವಾಗ, ಸುಮ್ಮನೆ ಕುಳಿತಿರುವಾಗಲೂ ತೊಟ್ಟು ಅದರ ಅಪರಿಚಿತತೆಯನ್ನು ಕಳೆಯುವುದು. ಉಸಿರನ್ನು ನಿಧಾನವಾಗಿ, ಆಳವಾಗಿ, ಎಣಿಸಿಕೊಂಡು ಎಳೆಯುವುದು. ಭಯದ ಸುಳಿಯನ್ನು ಕಡಿಯುವ ಕತ್ತರಿ ಇದೇ. ಮುಖ್ಯವಾದ ಕೆಲಸಗಳನ್ನು ಯೋಚನೆಯ ಅಗತ್ಯವಿಲ್ಲದಷ್ಟು ಕೈಗೆ ರೂಢಿ ಮಾಡಿಸುವುದು; ಏಕೆಂದರೆ ಬುದ್ಧಿ ಬಳಲಿದಾಗಲೂ ರೂಢಿಯಾದದ್ದು ಉಳಿಯುತ್ತದೆ, ಹೊಸದಾಗಿ ಯೋಚಿಸಬೇಕಾದದ್ದು ಮೊದಲು ಹೋಗುತ್ತದೆ. ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಸುವುದು, ಗಂಟೆಗೆ ಇಷ್ಟು ಕೆಲಸ ಇಷ್ಟು ವಿಶ್ರಾಂತಿ ಎಂಬ ನಿಯಮವನ್ನು ತಪ್ಪದೆ ಪಾಲಿಸುವುದು. ಇಬ್ಬಿಬ್ಬರನ್ನು ಜೊತೆಗೂಡಿಸಿ ಒಬ್ಬನ ಮೇಲೆ ಒಬ್ಬ ಕಣ್ಣಿಡುವಂತೆ ಮಾಡುವುದು. ಬಿಟ್ಟುಹೋಗುವ ತಪ್ಪು ತಪ್ಪು ಮಾಡಿದವನಿಗೆ ಕಾಣದು, ಪಕ್ಕದವನಿಗೆ ಕಾಣುತ್ತದೆ.

ಇವೆಲ್ಲಕ್ಕಿಂತ ಕಠಿಣವಾದ ಹೊಣೆ ನಾಯಕನದು. ಎಲ್ಲರಿಗೂ ಎಲ್ಲ ಹೊತ್ತೂ ಪೂರ್ಣ ಕವಚ ತೊಡಿಸಿಬಿಟ್ಟರೆ ಅವನ ಮೇಲೆ ಆಕ್ಷೇಪ ಬಾರದು. ಆದರೆ ವಿಷವಿಲ್ಲದ ಕಡೆ ಸೆಕೆಯಿಂದಲೇ ಜನ ಬೀಳುತ್ತಾರೆ, ಬುದ್ಧಿ ಮಸುಳುತ್ತದೆ. ತೊಡಿಸದಿದ್ದರೆ, ವಿಷ ಬಂದಾಗ ಕವಚ ಕಟ್ಟಿಕೊಳ್ಳಲು ಸಮಯವಿರದು. ಅದಕ್ಕಾಗಿಯೇ ಅಮೆರಿಕದ ಸೇನೆಯಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಮೆಟ್ಟಿಲುಗಳನ್ನು ಮಾಡಿ, ಯಾವ ಹೊತ್ತಿಗೆ ಯಾವ ಮೆಟ್ಟಿಲೆಂಬ ತೀರ್ಮಾನವನ್ನು ನಾಯಕನಿಗೆ ಬಿಟ್ಟರು. ಎರಡು ಅಪಾಯಗಳ ನಡುವೆ ತೂಗಿ ನೋಡುವ ಈ ಕೆಲಸವನ್ನು ಯಾವ ಉಡುಪೂ ಅವನಿಗಾಗಿ ಮಾಡಿಕೊಡದು. ಮೇಲಾಗಿ, ತೂಗಿ ನೋಡಬೇಕಾದ ಅವನ ಬುದ್ಧಿಯೂ ಅಂಥದೇ ಒಂದು ಕವಚದೊಳಗೆ ಬೇಯುತ್ತಿರುತ್ತದೆ.

2020ರಲ್ಲಿ ಕೊರೋನಾ ಮಹಾಮಾರಿ ಬಂದಾಗ ಈ ವಿಷಯ ನಮ್ಮ ಊರುಗಳ ಆಸ್ಪತ್ರೆಗಳಿಗೇ ಬಂತು. ಪಿಪಿಇ ಕಿಟ್ ಎಂಬ ಬಿಳಿಯ ನಿಲುವಂಗಿಯೊಳಗೆ ವೈದ್ಯರು, ದಾದಿಯರು ಗಂಟೆಗಟ್ಟಲೆ ನೀರು ಕುಡಿಯದೆ ದುಡಿದರು. ರೋಗಿಗಳಿಗೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಆಗ ಎದೆಯ ಮೇಲೆ, ಬೆನ್ನಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ತಮ್ಮ ಹೆಸರನ್ನು ಬರೆದುಕೊಂಡವರನ್ನು ಪತ್ರಿಕೆಗಳ ಚಿತ್ರಗಳಲ್ಲಿ ಕಂಡೆವು. ಇದಕ್ಕೂ ಕೆಲವು ವರ್ಷ ಮೊದಲು ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಎಬೋಲಾ ರೋಗ ಹಬ್ಬಿದ್ದಾಗ ಮೇರಿ ಬೆತ್ ಹೆಫರ್ನನ್ ಎಂಬ ಅಮೆರಿಕದ ಕಲಾವಿದೆ ಅಲ್ಲಿಗೆ ಹೋಗಿ, ಆಸ್ಪತ್ರೆಯ ಸಿಬ್ಬಂದಿಯ ನಗುಮುಖದ ಚಿತ್ರಗಳನ್ನು ತೆಗೆದು ಅವರವರ ರಕ್ಷಾ ಉಡುಪಿನ ಎದೆಗೆ ಅಂಟಿಸಿದರು. ಬೆಲೆಯಲ್ಲಿ ನೋಡಿದರೆ ಅದು ಒಂದು ತುಂಡು ಕಾಗದ. ಆದರೆ ಕವಚ ಕಸಿದುಕೊಂಡದ್ದು ಏನೆಂಬುದನ್ನು ಆಕೆ ಸರಿಯಾಗಿ ಗುರುತಿಸಿದ್ದರು.

ನನ್ನ ಶಿಷ್ಯನ ಮಾತಿಗೆ ಮರಳಿ ಮುಗಿಸುತ್ತೇನೆ. ಮೊದಲ ದಿನದ ಆ ಭಯ ಹೇಗೆ ಹೋಯಿತೆಂದು ಆತನನ್ನು ಕೇಳಿದೆ. ಆತ ಹೇಳಿದ್ದು ಇಷ್ಟು: “ನಮ್ಮ ಸುಬೇದಾರ್ ಸಾಹೇಬರು ಅಂತ ಒಬ್ಬರಿದ್ದರು, ಮೇಷ್ಟ್ರೇ. ಅವರೂ ನಮ್ಮಂತೆಯೇ ಮಾಸ್ಕ್ ಹಾಕಿಕೊಂಡಿದ್ದರು. ಪ್ರತಿ ಹತ್ತು ನಿಮಿಷಕ್ಕೊಂದು ಸಲ ಸಾಲಿನ ಉದ್ದಕ್ಕೂ ಬಂದು, ಒಬ್ಬೊಬ್ಬನ ಹೆಗಲ ಮೇಲೂ ಕೈಯಿಟ್ಟು, ಅವನ ಹೆಸರು ಹಿಡಿದು ಕೂಗುತ್ತಿದ್ದರು. ನಾವೂ ನಮ್ಮ ಹೆಸರನ್ನು ತಿರುಗಿ ಕೂಗಿ ಹೇಳಬೇಕು. ದನಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೆ ಆ ಕೈ ಬಂದಾಗ, ಇದರೊಳಗೆ ನಾನು ಇದ್ದೇನೆ ಅನ್ನುವುದು ಗೊತ್ತಾಗುತ್ತಿತ್ತು.”

ಆ ಸುಬೇದಾರರಿಗೆ ಇದು ಉತ್ತರ ಬಾರದೆ ಹೋದವನನ್ನು ಕಂಡುಹಿಡಿಯುವ ಒಂದು ಕ್ರಮವಾಗಿದ್ದಿರಬಹುದು. ಆ ಹುಡುಗರಿಗೆ ಅದು ಇನ್ನೊಂದು ಕವಚವಾಯಿತು. ದೇಹಕ್ಕೆ ಬೇಕಾದ ಕವಚವನ್ನು ವಿಜ್ಞಾನ ಮಾಡಿಕೊಡುತ್ತದೆ, ಇನ್ನೂ ಹಗುರವಾದದ್ದನ್ನು, ಇನ್ನೂ ತಂಪಾದದ್ದನ್ನು ಮುಂದೆ ಮಾಡಿಕೊಟ್ಟೀತು. ಅದರೊಳಗಿರುವ ಮನಸ್ಸನ್ನು ಕಾಯುವ ಕೆಲಸ ಮಾತ್ರ ಮನುಷ್ಯರಿಗೇ ಉಳಿದಿದೆ. ಹೆಗಲ ಮೇಲೆ ಕೈಯಿಟ್ಟು ಹೆಸರು ಹಿಡಿದು ಕರೆಯುವವನೊಬ್ಬ ಇರಬೇಕು.

(ಬಾನುಲಿ ಭಾಷಣ)